ಹಾಲಕ್ಕಿ ಗೌಡರ ಕೊಪ್ಪಗಳು

ಕರಾವಳಿ ಎಂದೊಡನೆ ನಮ್ಮ ಮಿಯಾಪುರದ ಕನ್ನಡ ಮನೆಗಳಲ್ಲಿ ನೆನಪಾಗುವುದು ಉಡುಪಿಯ ಕೃಷ್ಣ, ಮಂಗಳೂರಿನ ಬಂದರು, ಬಹಳವಾದರೆ ಗೋಕರ್ಣ. ನಮ್ಮಲ್ಲಿ ಅನೇಕರು ಬೀದರ, ಕಲಬುರಗಿ, ರಾಯಚೂರುಗಳ ಕರಿನೆಲದಿಂದ ಬಂದವರು. ಸಮುದ್ರ ನಮಗೆ ದೂರ. ಆದುದರಿಂದ ಈ ಸಲ ವಾಚಕರನ್ನು ಉತ್ತರ ಕನ್ನಡದ ಅಂಕೋಲೆಯ ಕಡೆಗೆ ಕರೆದೊಯ್ಯಬೇಕೆಂದಿದ್ದೇವೆ. ಅಲ್ಲಿ ಸಮುದ್ರಕ್ಕೂ ಸಹ್ಯಾದ್ರಿಗೂ ನಡುವಿನ ಕಿರಿದಾದ ನೆಲದಲ್ಲಿ ಹಾಲಕ್ಕಿ ಒಕ್ಕಲಿಗರೆಂಬ ಜನರಿದ್ದಾರೆ. ಇವರು ಮೀನುಗಾರರಲ್ಲ, ಕಡಲ ಸದ್ದು ಕೇಳುತ್ತ ನೇಗಿಲು ಹಿಡಿದವರು.

ಇವರ ಕೇರಿಗೆ ಕೊಪ್ಪವೆಂದು ಹೆಸರು. ಗದ್ದೆಬಯಲಿನ ಅಂಚಿನಲ್ಲಿ ಹತ್ತಾರು ಮನೆಗಳು. ಮನೆಯ ಮುಂದೆ ಸಾರಿಸಿದ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆ. ಕೊಪ್ಪಕ್ಕೊಬ್ಬ ಗೌಡ, ಅವನಿಗೆ ಸಲಹೆ ಹೇಳಲು ಬುದವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಮದುವೆಯ ಮಾತು, ಗದ್ದೆಯ ಜಗಳ, ಹಬ್ಬದ ಏರ್ಪಾಡು ಎಲ್ಲವೂ ಇವರ ಮುಂದೆಯೇ ತೀರುತ್ತಿದ್ದ ಕಾಲವೊಂದಿತ್ತು. ಹೆಣ್ಣಿನವರು ವರದಕ್ಷಿಣೆ ಕೊಡುವುದಲ್ಲ, ಗಂಡಿನವರೇ ತೆರ ಕೊಟ್ಟು ಹೆಣ್ಣು ತರುವುದು ಇವರ ಹಳೆಯ ಪದ್ಧತಿ. ನಮ್ಮ ಸಂಘದ ಸೋದರಿಯರು ಈ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳಬಹುದು!

ಹಾಲಕ್ಕಿ ಎಂಬ ಹೆಸರು ಹೇಗೆ ಬಂತೆಂಬುದಕ್ಕೆ ಕತೆಗಳುಂಟು. ಶಿವನು ಹೊಲ ಉಳುತ್ತಿದ್ದಾಗ ಪಾರ್ವತಿಯು ಬುತ್ತಿ ತಂದಳಂತೆ. ಅದರಲ್ಲಿದ್ದ ಹಾಲು ಅಕ್ಕಿಗಳಿಂದ ಮಾಡಿದ ಗೊಂಬೆಗಳಿಗೆ ಜೀವ ಬಂದು ಈ ಕುಲವಾಯಿತಂತೆ. ಹಾಲಿನಂಥ ಬಿಳಿ ಅಕ್ಕಿ ಬೆಳೆಯುವವರು, ಅದಕ್ಕೇ ಹಾಲಕ್ಕಿ ಎನ್ನುವವರೂ ಇದ್ದಾರೆ. ನಮಗಂತೂ ಮೊದಲನೆಯ ಕತೆಯೇ ಹೆಚ್ಚು ಹಿಡಿಸಿತು.

ಹಾಲಕ್ಕಿ ಹೆಂಗಸರನ್ನು ನೂರು ಜನರ ನಡುವೆಯೂ ಗುರುತಿಸಬಹುದು. ಕುತ್ತಿಗೆಯಿಂದ ಎದೆಯವರೆಗೆ ಕರಿಮಣಿ ಸರಗಳ ರಾಶಿ. ಕುಪ್ಪಸವಿಲ್ಲದೆ, ಹೆಗಲ ಮೇಲೆ ಎಳೆದು ಗಂಟು ಹಾಕಿ ಉಟ್ಟ ಸೀರೆ. ಈ ಉಡುಗೆ ಈಗ ಉಳಿದಿರುವುದು ಹೆಚ್ಚಾಗಿ ಅಜ್ಜಿಯರಲ್ಲಿ. ಹೋಳಿಯ ಹೊತ್ತಿಗೆ ಗಂಡಸರ ಸರದಿ. ಬಣ್ಣಬಣ್ಣದ ಹೂವಿನ ಎತ್ತರದ ತುರಾಯಿಗಳನ್ನು ತಲೆಗೆ ಕಟ್ಟಿ, ಕೋಲು ಹಿಡಿದು, ಮಣ್ಣಿನ ಮಡಕೆಗೆ ಚರ್ಮ ಬಿಗಿದ ಗುಮಟೆಯ ಸದ್ದಿಗೆ ಮನೆಮನೆಯ ಅಂಗಳದಲ್ಲಿ ಸುಗ್ಗಿ ಕುಣಿಯುತ್ತಾರೆ. ಬೆಳಂಬಾರದ ಸುಗ್ಗಿ ಆ ಸೀಮೆಯಲ್ಲಿ ಹೆಸರಾದದ್ದು.

ಆದರೆ ಕುಣಿತ ಕಂಡವರಿಗೆ ಇವರ ಬಡತನ ಕಾಣುವುದಿಲ್ಲ. ತಲೆತಲಾಂತರದಿಂದ ಇವರಲ್ಲಿ ಬಹುಮಂದಿ ಗೇಣಿದಾರರು. ಬೆವರು ಇವರದು, ಭತ್ತ ಒಡೆಯರದು. ಚುಟುಕಗಳಿಂದ ನಮಗೆಲ್ಲ ಪರಿಚಿತರಾದ ದಿನಕರ ದೇಸಾಯಿಯವರು ಈ ಸೀಮೆಯ ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರಾದರು. ಹುಟ್ಟೂರು ಬಿಟ್ಟು ಮುಂಬಯಿಯಲ್ಲಿದ್ದೂ ಊರಿನ ಒಕ್ಕಲುಗಳನ್ನು ಮರೆಯದ ಮನುಷ್ಯ. 1974ರ ಭೂಸುಧಾರಣೆಯ ಕಾನೂನು ಬಂದ ಮೇಲೆ ಅನೇಕ ಗೇಣಿದಾರರಿಗೆ ಗದ್ದೆ ಸ್ವಂತವಾಯಿತು. ಬಂದದ್ದೆಲ್ಲ ನಿಲ್ಲಲಿಲ್ಲ. 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ತೀರದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ನೆಲೆ ಬಿಟ್ಟವು. ಅವುಗಳಲ್ಲಿ ಹಾಲಕ್ಕಿಗಳ ಮನೆಗಳೂ ಇದ್ದವು.

ಇಷ್ಟೆಲ್ಲದರ ನಡುವೆ ಈ ಪುಟ್ಟ ಸಮುದಾಯ ಇಬ್ಬರು ಅಜ್ಜಿಯರನ್ನು ನಾಡಿಗೆ ಕೊಟ್ಟಿತು. 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ಸ್ವೀಕರಿಸಿದ ತುಳಸಿ ಗೌಡರ ಚಿತ್ರ ನಿಮ್ಮ ಫೋನಿಗೂ ಬಂದಿದ್ದೀತು. ಹೊನ್ನಳ್ಳಿಯ ಆ ತಾಯಿ ಓದುಬರಹ ಕಲಿತವರಲ್ಲ. ಅರಣ್ಯ ಇಲಾಖೆಯ ಸಸಿತೋಟದಲ್ಲಿ ದಿನಗೂಲಿಯಾಗಿ ದಶಕಗಳ ಕಾಲ ದುಡಿದವರು. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬುದು ಅವರಿಗೆ ಕರತಲಾಮಲಕ. ಬಡಗೇರಿಯ ಸುಕ್ರಿ ಬೊಮ್ಮಗೌಡರದು ಇನ್ನೊಂದು ಬಗೆಯ ಬೀಜ. ತಾಯಿಯಿಂದ ಕಲಿತ ಹಾಡುಗಳನ್ನು ಸಾವಿರಗಟ್ಟಲೆ ನೆನಪಿನಲ್ಲಿಟ್ಟುಕೊಂಡಿದ್ದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಡಿದ್ದಷ್ಟೇ ಅಲ್ಲ, ಕೊಪ್ಪದ ಸಂಸಾರಗಳನ್ನು ತಿನ್ನುತ್ತಿದ್ದ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತರು. 2024ರ ಡಿಸೆಂಬರ್ 16ರಂದು ತುಳಸಜ್ಜಿ ಹೋದರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಸುಕ್ರಜ್ಜಿಯೂ ಹೊರಟರು.

ಸುಕ್ರಜ್ಜಿಯ ಹಾಡುಗಳು ವೇದಿಕೆಗಾಗಿ ಹುಟ್ಟಿದವಲ್ಲ. ನಾಟಿಗೆ ಒಂದು ಹಾಡು, ಭತ್ತ ಕುಟ್ಟಲು ಒಂದು, ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು. ಕೆಲಸವೇ ಹಾಡಿಗೆ ಆಸರೆ. ಭತ್ತ ಗಿರಣಿಗೆ ಹೋದ ದಿನ ಕುಟ್ಟುವ ಹಾಡೂ ಹೊಸ್ತಿಲು ದಾಟಿತು. ಹೊನ್ನಾವರದ ಡಾ. ಎನ್. ಆರ್. ನಾಯಕರಂಥ ವಿದ್ವಾಂಸರು ಊರೂರು ತಿರುಗಿ ಹಾಲಕ್ಕಿ ಹಾಡುಗಳನ್ನು ಬರೆದುಕೊಂಡದ್ದು ದೊಡ್ಡ ಉಪಕಾರ. ಆದರೆ ಪುಸ್ತಕದಲ್ಲಿರುವ ಹಾಡನ್ನು ಎತ್ತಿ ಹಾಡಲು ಗಂಟಲು ಬೇಕಲ್ಲ! ಕೊಪ್ಪದ ಹುಡುಗಿ ಶಾಲೆಗೆ ಹೋಗುತ್ತಾಳೆ, ಹೋಗಲೇಬೇಕು. ಅಲ್ಲಿ ಅವಳ ಮನೆಮಾತನ್ನು ಕೇಳಿ ಬೇರೆ ಮಕ್ಕಳು ನಕ್ಕರೆ ಮನೆಯಲ್ಲಿಯೂ ಅದನ್ನು ಆಡಲು ನಾಚುತ್ತಾಳೆ. ಹೈದರಾಬಾದಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಈ ನಾಚಿಕೆಯ ಪರಿಚಯ ಮಾಡಿಕೊಡಬೇಕಾಗಿಲ್ಲ.

ಇನ್ನೊಂದು ಸಂಗತಿ ಕಡತಕ್ಕೆ ಸಂಬಂಧಿಸಿದ್ದು. ಅದನ್ನು ಕಚೇರಿಯ ಗುಮಾಸ್ತರಾದ ನಾವು ಬಿಟ್ಟು ಹೋಗುವಂತಿಲ್ಲ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಹಾಲಕ್ಕಿಗಳು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಅದೇ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ಸಂವಿಧಾನದ 342ನೆಯ ವಿಧಿಯಂತೆ ಪಟ್ಟಿಗೆ ಹೊಸ ಹೆಸರು ಸೇರಿಸುವ ಅಧಿಕಾರ ಸಂಸತ್ತಿನದು. ರಾಜ್ಯ ಸರಕಾರದ ಶಿಫಾರಸು, ದಿಲ್ಲಿಯ ರಿಜಿಸ್ಟ್ರಾರ್ ಜನರಲರ ಒಪ್ಪಿಗೆ, ಆಯೋಗದ ಒಪ್ಪಿಗೆ, ಆಮೇಲೆ ಮಸೂದೆ. ಅಳತೆಗೋಲು 1965ರ ಲೋಕೂರ್ ಸಮಿತಿಯದು: ಪ್ರಾಚೀನ ಲಕ್ಷಣ, ಬೇರೆಯಾದ ಸಂಸ್ಕೃತಿ, ಒಂಟಿ ನೆಲೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ದಿನಬೆಳಗಾದರೆ ಪೇಟೆಯಲ್ಲಿ ಕುಳಿತು ತರಕಾರಿ ಮಾರಿ ಮಕ್ಕಳ ಹೊಟ್ಟೆ ಹೊರೆಯುವ ಹೆಂಗಸು ಸಂಕೋಚಪಡುತ್ತ ಕುಳಿತರೆ ನಡೆಯುತ್ತದೆಯೆ? ಹೆಸರಿನಲ್ಲಿರುವ ‘ಒಕ್ಕಲಿಗ’, ‘ಗೌಡ’ ಎಂಬ ಮಾತುಗಳೂ ದೂರದಲ್ಲಿ ಕುಳಿತು ಓದುವವರಿಗೆ ಮೈಸೂರು ಸೀಮೆಯ ಭೂಮಾಲಿಕರನ್ನು ನೆನಪಿಸಿದರೆ ಆಶ್ಚರ್ಯವಿಲ್ಲ. ಸುಕ್ರಜ್ಜಿ ಸಿಕ್ಕ ಮಂತ್ರಿಗಳ ಮುಂದೆಲ್ಲ ಈ ಮಾತೆತ್ತಿದರು. ಅವರು ಕಣ್ಣುಮುಚ್ಚುವವರೆಗೂ ಅದು ಕೈಗೂಡಲಿಲ್ಲ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ನುಂಗಿತು. ಗಂಗಾವಳಿಯಲ್ಲಿ ಮುಳುಗಿದ ಲಾರಿಯ ಸುದ್ದಿ ದೂರದರ್ಶನದಲ್ಲಿ ಎರಡು ತಿಂಗಳ ಮೇಲೆ ನಡೆಯಿತು. ಅದೇ ಮಣ್ಣಿನ ಹೊಡೆತಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಹಾಲಕ್ಕಿ ಮನೆಗಳ ಮೇಲೆ ಬಿದ್ದುದನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಬೇಸಗೆ ರಜೆಯಲ್ಲಿ ಮಕ್ಕಳೊಡನೆ ಗೋಕರ್ಣಕ್ಕೆ ಹೋಗುವವರು ಅಂಕೋಲೆಯ ಪೇಟೆಯಲ್ಲಿ ಒಂದು ಗಂಟೆ ಇಳಿಯಿರಿ. ಮೇ ತಿಂಗಳಾದರೆ ಕರಿ ಈಶಾಡು ಮಾವು ಬಂದಿರುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಸಿಪ್ಪೆ ತೆಳು, ಹೆಚ್ಚು ದಿನ ತಡೆಯದು. ಹೈದರಾಬಾದಿಗೆ ತರುವ ಆಸೆ ಬಿಟ್ಟು ಅಲ್ಲಿಯೇ ತಿನ್ನಬೇಕು. ಬುಟ್ಟಿಯ ಮುಂದೆ ಕರಿಮಣಿ ತೊಟ್ಟ ಅಜ್ಜಿ ಕುಳಿತಿದ್ದರೆ ಚೌಕಾಸಿ ಮಾಡಬೇಡಿ. ಚಿತ್ರ ತೆಗೆಯುವ ಮೊದಲು ಒಂದು ಮಾತು ಕೇಳಿ.