ಇರುವವನೇ ಮನೆಯೊಡೆಯನಾದರೆ ಬರುವವನು ಎಲ್ಲಿಗೆ ಹೋಗಬೇಕು?

ಸರ್ಕಾರಿ ಮನೆಯಲ್ಲಿ ಬಾಡಿಗೆಗಿರುವ ಬಡವನಿಗೆ ಆ ಮನೆಯನ್ನೇ ಕಡಿಮೆ ಬೆಲೆಗೆ ಬರೆದುಕೊಟ್ಟರೆ ಯಾರಿಗೇನು ನಷ್ಟ? ಈ ಪ್ರಶ್ನೆ ಕನ್ನಡಿಗರಿಗೆ ಬೇಗ ನಾಟುತ್ತದೆ. 'ಉಳುವವನೇ ಹೊಲದೊಡೆಯ' ಎಂಬ ಮಾತನ್ನು ಕೇಳಿಕೊಂಡು ಬೆಳೆದ ನಾಡು ನಮ್ಮದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ನಮೂನೆ 7ರ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತ ಗೇಣಿದಾರರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ನಡುವೆಯೇ ಇದ್ದಾರೆ. ಹಾಗಾಗಿ ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರಲ್ಲಿ ತಂದ 'ರೈಟ್ ಟು ಬೈ', ಅಂದರೆ ಕೌನ್ಸಿಲ್ ಮನೆಯ ಬಾಡಿಗೆದಾರರಿಗೆ ಆ ಮನೆಯನ್ನು ಕೊಳ್ಳುವ ಹಕ್ಕು, ನಮ್ಮ ಕಿವಿಗೆ 'ಇರುವವನೇ ಮನೆಯೊಡೆಯ' ಎಂದು ಕೇಳಿಸುತ್ತದೆ. ಥ್ಯಾಚರ್ ಹೆಸರೆತ್ತಿದರೆ ಸಿಡುಕುವ ಗೆಳೆಯರೂ ಈ ಒಂದು ವಿಷಯಕ್ಕೆ ತಲೆದೂಗುವುದನ್ನು ನಾನು ಕಂಡಿದ್ದೇನೆ. ನನ್ನ ಜಗಳ ಇರುವುದು ಈ ತಲೆದೂಗುವಿಕೆಯ ಜೊತೆ.

ಹೋಲಿಕೆ ಎಲ್ಲಿ ತಪ್ಪುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಭೂಸುಧಾರಣೆಯಲ್ಲಿ ಜಮೀನು ಕಳೆದುಕೊಂಡವನು ಧಣಿ. ಗೇಣಿ ಎಣಿಸುವುದರ ಹೊರತು ಆ ಮಣ್ಣಿನ ಜೊತೆ ಅವನಿಗೆ ಬೇರೆ ಸಂಬಂಧ ಇರಲಿಲ್ಲ. ಇಂಗ್ಲೆಂಡಿನ ಕೌನ್ಸಿಲ್ ಮನೆಯ ಧಣಿ ಯಾರು? ಊರಿನ ಜನರೇ ಆರಿಸಿದ ನಗರಾಡಳಿತ. ಆ ಮನೆಯಿಂದ ನಿಜವಾದ ಲಾಭ ಪಡೆಯಬೇಕಾದವನು ಯಾರು? ಸರದಿಯಲ್ಲಿ ನಿಂತ ಮುಂದಿನ ಬಡವ. ಭೂಸುಧಾರಣೆ ಶ್ರೀಮಂತನಿಂದ ಕಿತ್ತು ಬಡವನಿಗೆ ಕೊಟ್ಟಿತು. ರೈಟ್ ಟು ಬೈ ನಾಳೆಯ ಬಡವನಿಂದ ಕಿತ್ತು ಇಂದಿನ ಬಡವನಿಗೆ ಕೊಟ್ಟಿತು. ಎರಡರಲ್ಲೂ ಬಾಡಿಗೆದಾರ ಒಡೆಯನಾದ ಎನ್ನುವುದು ನಿಜ. ಕಳೆದುಕೊಂಡವನು ಮಾತ್ರ ಒಬ್ಬನೇ ಅಲ್ಲ.

ಈ ಮನೆಗಳು ಪುಕ್ಕಟೆ ಬಂದವಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರ ಆಡಿಸನ್ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ಮನೆ ಕಟ್ಟಿಸುವ ಹೊಣೆ ಹೊರಿಸಿತು. ಎರಡನೆಯ ಯುದ್ಧದ ನಂತರ ಆರೋಗ್ಯದ ಜೊತೆಗೆ ವಸತಿಯನ್ನೂ ನೋಡಿಕೊಂಡ ಮಂತ್ರಿ ಅನಾಯರಿನ್ ಬೆವನ್, ಬಡವರ ಮನೆಯೆಂದು ಕಳಪೆ ಕಟ್ಟಬಾರದು, ವೈದ್ಯನೂ ಕೂಲಿಯವನೂ ಒಂದೇ ಬೀದಿಯಲ್ಲಿರಬೇಕು ಎಂದು ಹಟ ಹಿಡಿದ. 1950ರ ದಶಕದ ಆರಂಭದಲ್ಲಿ, ಅದೂ ಕನ್ಸರ್ವೇಟಿವ್ ಸರ್ಕಾರವಿದ್ದಾಗ, ಸ್ಥಳೀಯ ಸಂಸ್ಥೆಗಳು ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮನೆ ಕಟ್ಟಿದವು. 1980ರ ಹೊತ್ತಿಗೆ ದೇಶದ ಸುಮಾರು ಮೂರರಲ್ಲೊಂದು ಕುಟುಂಬ ಇಂಥ ಮನೆಗಳಲ್ಲಿತ್ತು. ಮೂರು ತಲೆಮಾರಿನ ತೆರಿಗೆ ಮತ್ತು ಬಾಡಿಗೆಯ ಹಣ ಆ ಗೋಡೆಗಳಲ್ಲಿತ್ತು.

1980ರ ಕಾಯ್ದೆ ಬರುವ ಮೊದಲೂ ಕೌನ್ಸಿಲ್‌ಗಳು ಬೇಕೆಂದರೆ ಮನೆ ಮಾರಬಹುದಿತ್ತು, ಕೆಲವು ಮಾರಿದ್ದವು ಕೂಡ. ಹೊಸ ಕಾಯ್ದೆ 'ಬೇಕೆಂದರೆ' ಎಂಬುದನ್ನು ತೆಗೆದುಹಾಕಿತು. ಮೂರು ವರ್ಷ ಬಾಡಿಗೆಗಿದ್ದವನು ಕೇಳಿದರೆ ಕೌನ್ಸಿಲ್ ಮಾರಲೇಬೇಕು. ಅದೂ ಮಾರುಕಟ್ಟೆ ಬೆಲೆಗಿಂತ ಶೇ. 33ರಿಂದ 50ರಷ್ಟು ಕಡಿಮೆಗೆ. ಮುಂದೆ ಈ ರಿಯಾಯಿತಿ ಫ್ಲಾಟುಗಳಿಗೆ ಶೇ. 70ರವರೆಗೆ ಏರಿತು. ನಾರ್ವಿಚ್ ನಗರದ ಕೌನ್ಸಿಲ್ ಮಾರಾಟದಲ್ಲಿ ನಿಧಾನ ಮಾಡಿದಾಗ, ಮಂತ್ರಿ ಮೈಕೆಲ್ ಹೆಸೆಲ್ಟೈನ್ ಮಾರಾಟದ ಅಧಿಕಾರವನ್ನೇ ತಮ್ಮ ಕೈಗೆ ತೆಗೆದುಕೊಂಡರು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಮಂತ್ರಿಯ ಪರ ನಿಂತಿತು. ಜನರಿಗೆ ಸ್ವಾತಂತ್ರ್ಯ ಕೊಡುತ್ತೇವೆಂದು ಹೊರಟ ಸರ್ಕಾರ, ಜನರೇ ಆರಿಸಿದ ಊರಿನ ಆಡಳಿತದ ಕೈ ಕಟ್ಟಿಹಾಕಿದ್ದು ಹೀಗೆ.

ಕೊಂಡವರಿಗೆ ಒಳ್ಳೆಯದಾಯಿತು, ಅದರಲ್ಲಿ ಅನುಮಾನ ಬೇಡ. ಬಾಗಿಲಿಗೆ ಬೇಕಾದ ಬಣ್ಣ ಹಚ್ಚಲೂ ಕೌನ್ಸಿಲ್ಲಿನ ಅಪ್ಪಣೆ ಕೇಳಬೇಕಾಗಿದ್ದ ಕುಟುಂಬಗಳಿಗೆ ಸ್ವಂತ ಬಾಗಿಲು ಸಿಕ್ಕಿತು. ಕಾರ್ಖಾನೆ ಕೆಲಸಗಾರ ತನ್ನ ಮಕ್ಕಳಿಗೆ ಏನಾದರೂ ಬಿಟ್ಟುಹೋಗಬಲ್ಲವನಾದ. ಇದನ್ನು ಹೀಯಾಳಿಸುವವರು ಸ್ವಂತ ಮನೆಯಲ್ಲೇ ಹುಟ್ಟಿದವರಿರಬೇಕು. ಕೊಂಡವನ ಮೇಲೆ ನನಗೆ ದೂರಿಲ್ಲ. ಕಣಜದ ಬೀಗ ತೆಗೆದು ಬಿತ್ತನೆ ಭತ್ತವನ್ನು ಊಟಕ್ಕೆ ಹಂಚಿದವರ ಮೇಲಿದೆ. ಹಂಚಿದ ದಿನ ಎಲ್ಲರ ಹೊಟ್ಟೆ ತುಂಬುತ್ತದೆ, ಹಂಚಿದವನಿಗೆ ಜೈಕಾರವೂ ಸಿಗುತ್ತದೆ. ಮುಂಗಾರು ಬಂದಾಗ ಗದ್ದೆಗೆ ಏನು ಹಾಕುವುದು?

ಇಲ್ಲಿ ಒಂದು ಜಾಣ ಪ್ರತಿವಾದವಿದೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. 'ಮಾರಿದರೆ ಮನೆ ಮಾಯವಾಗುವುದಿಲ್ಲವಲ್ಲ? ಅದೇ ಮನೆ, ಅದೇ ಕುಟುಂಬ. ಮಾರದಿದ್ದರೂ ಅವರು ಅಲ್ಲೇ ಇರುತ್ತಿದ್ದರು. ಸರದಿಯವನಿಗೆ ಹೋದದ್ದೇನು?' ಎನ್ನುತ್ತಾರೆ. ಲೆಕ್ಕಕ್ಕೆಂದು ಒಂದು ಊರನ್ನು ಊಹಿಸಿಕೊಳ್ಳಿ. ಅಲ್ಲಿ 100 ಸಾರ್ವಜನಿಕ ಮನೆಗಳಿವೆ. ಸಾವು, ವರ್ಗಾವಣೆ, ಮಕ್ಕಳ ಊರಿಗೆ ಹೋಗುವುದು ಹೀಗೆ ವರ್ಷಕ್ಕೆ 5 ಖಾಲಿಯಾಗಿ, ಸರದಿಯ 5 ಕುಟುಂಬಗಳು ಒಳಗೆ ಬರುತ್ತವೆ. 40 ಮನೆ ಮಾರಿದಿರಿ. ಮಾರಿದ ಮಾರನೆಯ ದಿನ ಯಾರೂ ಬೀದಿಗೆ ಬೀಳುವುದಿಲ್ಲ. ಕೊಂಡವರು ಹೇಗೂ ಬಿಟ್ಟು ಹೋಗುವವರಲ್ಲದ್ದರಿಂದ ಮೊದಲ ಕೆಲವು ವರ್ಷ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಹದಿನೈದು, ಇಪ್ಪತ್ತು ವರ್ಷ ಕಳೆದ ಮೇಲೆ ಆ 40 ಮನೆಗಳೂ ಒಂದೊಂದಾಗಿ ಕೈ ಬದಲಾಗುತ್ತವೆ. ಆಗ ಅವು ಸರದಿಯವನಿಗೆ ಸಿಗುವುದಿಲ್ಲ, ಮಾರುಕಟ್ಟೆಗೆ ಹೋಗುತ್ತವೆ. ಸರದಿಗೆ ಸಿಗುವುದು ವರ್ಷಕ್ಕೆ 5ರ ಬದಲು 3. ಮಾರಾಟ ಇಂದಿನ ಮನೆಯನ್ನು ಕಳೆಯುವುದಿಲ್ಲ, ನಾಳೆ ಖಾಲಿಯಾಗಬೇಕಿದ್ದ ಮನೆಯನ್ನು ಕಳೆಯುತ್ತದೆ. ರಾಜಕಾರಣಿಗೆ ಇದು ಪ್ರಿಯವಾಗುವುದೂ ಇದೇ ಕಾರಣಕ್ಕೆ. ಲಾಭ ಪಡೆದವನಿಗೆ ಹೆಸರಿದೆ, ವಿಳಾಸವಿದೆ, ಮತವಿದೆ. ಕಳೆದುಕೊಂಡವನು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ತಾನೇನು ಕಳೆದುಕೊಂಡೆನೆಂದು ಅವನಿಗೆ ಗೊತ್ತಿಲ್ಲ.

ಮತದ ಮಾತು ಸುಮ್ಮನೆ ಆಡಿದ್ದಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್‌ನಲ್ಲಿ ಶರ್ಲಿ ಪೋರ್ಟರ್ ನಾಯಕಿಯಾಗಿದ್ದಾಗ, ಸೋಲು ಗೆಲುವು ಅನಿಶ್ಚಿತವಾಗಿದ್ದ ವಾರ್ಡುಗಳಲ್ಲಿ ಖಾಲಿಯಾದ ಕೌನ್ಸಿಲ್ ಮನೆಗಳನ್ನು ಮತ್ತೆ ಬಾಡಿಗೆಗೆ ಕೊಡದೆ ಮಾರುವ ಯೋಜನೆ ನಡೆಯಿತು. ಸ್ವಂತ ಮನೆಯವರು ತಮ್ಮ ಪಕ್ಷಕ್ಕೆ ಮತ ಹಾಕುತ್ತಾರೆಂಬುದು ಲೆಕ್ಕಾಚಾರ. ಅದು ರೈಟ್ ಟು ಬೈ ಅಡಿಯಲ್ಲಿ ನಡೆದದ್ದಲ್ಲ, ಬೇರೆಯೇ ಯೋಜನೆ. ಲೆಕ್ಕ ಪರಿಶೋಧಕರು ಇದನ್ನು ಹಿಡಿದರು. 2001ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಕಾನೂನುಬಾಹಿರವೆಂದು ಎತ್ತಿಹಿಡಿಯಿತು. ಒಂದು ಕೌನ್ಸಿಲ್ ಕದ್ದುಮುಚ್ಚಿ ಮಾಡಿ ಸಿಕ್ಕಿಬಿದ್ದ ಈ ಲೆಕ್ಕಾಚಾರ, ಇಡೀ ದೇಶದ ನೀತಿಯ ಹಿಂದೆ ಸ್ವಲ್ಪವೂ ಇರಲಿಲ್ಲ ಎಂದು ನಂಬಲು ನನಗೆ ಸಾಧ್ಯವಾಗಿಲ್ಲ.

'ಮಾರಿದ ಹಣದಲ್ಲಿ ಹೊಸ ಮನೆ ಕಟ್ಟಬಹುದಿತ್ತಲ್ಲ' ಎಂದು ನೀವು ಕೇಳಬಹುದು. ಕಟ್ಟಲು ಬಿಡಲಿಲ್ಲ. 1989ರ ಕಾಯ್ದೆಯ ಪ್ರಕಾರ ಮಾರಾಟದಿಂದ ಬಂದ ಹಣದಲ್ಲಿ ಶೇ. 75ನ್ನು ಕೌನ್ಸಿಲ್ ಹಳೆಯ ಸಾಲಕ್ಕೆಂದು ತೆಗೆದಿಡಬೇಕಿತ್ತು. 100 ರೂಪಾಯಿ ಬಾಳುವ ಮನೆಯನ್ನು ಅರ್ಧ ಬೆಲೆಗೆ ಮಾರಿದರೆ ಬರುವುದು 50. ಅದರಲ್ಲಿ 37.50 ಸಾಲಕ್ಕೆ. ಕೈಯಲ್ಲಿ ಉಳಿದದ್ದು 12.50. ಇದರಲ್ಲಿ 100 ರೂಪಾಯಿಯ ಮನೆ ಕಟ್ಟುವುದು ಹೇಗೆ? 'ಮನೆ ಕಟ್ಟಿ ನೋಡು' ಎಂಬ ನಮ್ಮ ಗಾದೆಯನ್ನು ಕೈಕಾಲು ಕಟ್ಟಿಹಾಕಿ ಹೇಳಿದಂತಾಯಿತು. ಒಂದು ಕಾಲಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಕಟ್ಟುತ್ತಿದ್ದ ಇಂಗ್ಲೆಂಡಿನ ಕೌನ್ಸಿಲ್‌ಗಳು 1990ರ ದಶಕದ ಕೊನೆಗೆ ಕಟ್ಟುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟವು. 1997ರಲ್ಲಿ ಬಂದ ಲೇಬರ್ ಸರ್ಕಾರ ರಿಯಾಯಿತಿಗೆ ಮಿತಿ ಹಾಕಿತೇ ವಿನಾ ಮಾರಾಟ ನಿಲ್ಲಿಸಲಿಲ್ಲ. 2012ರಲ್ಲಿ ಡೇವಿಡ್ ಕ್ಯಾಮರಾನ್ ಸರ್ಕಾರ ರಿಯಾಯಿತಿಯನ್ನು 75,000 ಪೌಂಡಿಗೆ ಏರಿಸಿ, ಹೀಗೆ ಹೆಚ್ಚುವರಿಯಾಗಿ ಮಾರಿದ ಪ್ರತಿ ಮನೆಗೆ ಇನ್ನೊಂದು ಮನೆ ಕಟ್ಟುತ್ತೇವೆಂದು ಮಾತು ಕೊಟ್ಟಿತು. ಆ ಮಾತು ಉಳಿಯಲಿಲ್ಲ.

ಮಾರಾಟವಾದದ್ದು ಯಾವ ಮನೆಗಳು ಎಂಬುದನ್ನೂ ನೋಡಬೇಕು. ಮೊದಲು ಹೋದದ್ದು ಹಿತ್ತಲು, ಅಂಗಳ ಇದ್ದ ಒಳ್ಳೆಯ ಮನೆಗಳು. ಕೊಂಡವರು ಸ್ಥಿರ ಸಂಬಳವಿದ್ದವರು. ಉಳಿದದ್ದು ಎತ್ತರದ ಗೋಪುರಗಳ ಫ್ಲಾಟುಗಳು, ಅಲ್ಲಿ ಉಳಿದವರು ಕೆಲಸ ಕಳೆದುಕೊಂಡವರು, ಮುದುಕರು, ರೋಗಿಗಳು, ಒಂಟಿ ತಾಯಂದಿರು. ಬೆವನ್ ಕಂಡ ಬೆರಕೆಯ ಬೀದಿ ಮುರಿಯಿತು. ಆಮೇಲೆ ಅದೇ ಜನರತ್ತ ಬೆರಳು ತೋರಿಸಿ, 'ನೋಡಿ, ಸರ್ಕಾರಿ ಮನೆ ಎಂದರೆ ಹೀಗೆ' ಎಂದು ಪತ್ರಿಕೆಗಳು ಬರೆದವು. ಕೆನೆ ತೆಗೆದವರೇ ಹಾಲು ನೀರಾಗಿದೆ ಎಂದು ದೂರಿದಂತೆ.

ಇನ್ನು, ಮಾರಿದ ಮನೆಗಳಲ್ಲಿ ಇಂದು ಯಾರಿದ್ದಾರೆ? ಒಡೆಯನಾದ ಬಾಡಿಗೆದಾರನೇ ಇದ್ದಾನೆಯೇ? ಲಂಡನ್ ಅಸೆಂಬ್ಲಿಯ ಸದಸ್ಯ ಟಾಮ್ ಕಾಪ್ಲಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲಂಡನ್ನಿನಲ್ಲಿ ಹೀಗೆ ಮಾರಾಟವಾದ ಮನೆಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು ಖಾಸಗಿ ಮಾಲೀಕರ ಕೈಸೇರಿ ಬಾಡಿಗೆಗೆ ಬಿದ್ದಿದ್ದವು. ಲಂಡನ್ನಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರು ಬಾಡಿಗೆ ಜಾಹೀರಾತುಗಳಲ್ಲಿ 'ಎಕ್ಸ್ ಕೌನ್ಸಿಲ್ ಫ್ಲಾಟ್' ಎಂಬ ಮಾತನ್ನು ನೋಡಿರುತ್ತಾರೆ. ಒಂದು ಕೋಣೆಗೆ ತಾವು ತೆರುವ ಬಾಡಿಗೆಯನ್ನೂ ಪಕ್ಕದ ಬಾಗಿಲಿನ ಕೌನ್ಸಿಲ್ ಬಾಡಿಗೆದಾರ ಇಡೀ ಮನೆಗೆ ತೆರುವುದನ್ನೂ ಅವರೇ ಹೋಲಿಸಿ ನೋಡಲಿ. ಗೋಡೆ ಅದೇ, ಮೆಟ್ಟಿಲು ಅದೇ. ಬದಲಾದದ್ದು ಧಣಿ ಮಾತ್ರ. ಅಂದರೆ, 'ಇರುವವನೇ ಮನೆಯೊಡೆಯ' ಎಂದು ಹೊರಟ ಯೋಜನೆ ಒಂದೇ ತಲೆಮಾರಿನಲ್ಲಿ ಹೊಸ ಧಣಿಗಳನ್ನು ಸೃಷ್ಟಿಸಿತು. ನಮ್ಮ ಭೂಸುಧಾರಣೆ ಗೇಣಿಪದ್ಧತಿಯನ್ನು ರದ್ದು ಮಾಡಲು ಹೊರಟಿತ್ತು. ಇದು ಸಾರ್ವಜನಿಕ ಆಸ್ತಿಯ ಮೇಲೆ ಖಾಸಗಿ ಗೇಣಿಯನ್ನು ಹೊಸದಾಗಿ ಕೂರಿಸಿತು.

ಬಿಲ್ಲು ಬಂದದ್ದು ಮತ್ತೆ ಸಾರ್ವಜನಿಕರಿಗೇ. ಇಂಗ್ಲೆಂಡಿನಲ್ಲಿ ಈ ಯೋಜನೆಯಡಿ ಮಾರಿದ ಮನೆಗಳು ಸುಮಾರು 20 ಲಕ್ಷ. ಸಾಮಾಜಿಕ ವಸತಿಗಾಗಿ ಸರದಿಯಲ್ಲಿ ನಿಂತ ಕುಟುಂಬಗಳು ಸುಮಾರು 13 ಲಕ್ಷ. 2024ರಲ್ಲಿ ಒಂದೂಕಾಲು ಲಕ್ಷದಷ್ಟು ಕುಟುಂಬಗಳು ಹೋಟೆಲ್ ಕೋಣೆ, ಹಾಸ್ಟೆಲ್ ಮುಂತಾದ ತಾತ್ಕಾಲಿಕ ತಾಣಗಳಲ್ಲಿದ್ದವು. ಅವುಗಳಲ್ಲಿದ್ದ ಮಕ್ಕಳು ಒಂದೂವರೆ ಲಕ್ಷಕ್ಕಿಂತ ಹೆಚ್ಚು. ಇದಕ್ಕಾಗಿ ಕೌನ್ಸಿಲ್‌ಗಳು 2023-24ರಲ್ಲಿ ಖರ್ಚು ಮಾಡಿದ್ದು ಸುಮಾರು 230 ಕೋಟಿ ಪೌಂಡ್. ತಾವೇ ಮಾರಿದ ಫ್ಲಾಟುಗಳನ್ನು ಖಾಸಗಿ ಮಾಲೀಕರಿಂದ ಬಾಡಿಗೆಗೆ ಹಿಡಿದು ನಿರ್ಗತಿಕರನ್ನು ಇರಿಸಿದ ಕೌನ್ಸಿಲ್‌ಗಳಿವೆ. 2021ರಲ್ಲಿ ಲಂಡನ್ನಿನ ಮೇಯರ್ ಸಾದಿಕ್ ಖಾನ್ ಮಾರಿದ ಮನೆಗಳನ್ನು ಮರಳಿ ಕೊಳ್ಳಲೆಂದೇ ಒಂದು ಯೋಜನೆ ತಂದರು. ಅರ್ಧ ಬೆಲೆಗೆ ಮಾರಿ ಪೂರ್ತಿ ಬೆಲೆಗೆ ಕೊಳ್ಳುವ ವ್ಯಾಪಾರಕ್ಕೆ ಏನೆನ್ನಬೇಕೋ ನೀವೇ ಹೇಳಿ.

'ಸಿಂಗಪುರದಲ್ಲೂ ಮಾರಿದರಲ್ಲ' ಎನ್ನುವವರಿದ್ದಾರೆ. ಮಾರಿದರು. ಅಲ್ಲಿನ ವಸತಿ ಮಂಡಳಿ 1964ರಿಂದ ಮಾರುತ್ತಲೇ ಇದೆ. ಆದರೆ ಮಾರಿದ್ದು 99 ವರ್ಷದ ಗುತ್ತಿಗೆಗೆ, ನೆಲ ಸರ್ಕಾರದ್ದಾಗಿಯೇ ಉಳಿಯಿತು. ಮತ್ತು ಕಟ್ಟುವುದನ್ನು ನಿಲ್ಲಿಸಲಿಲ್ಲ. ಮಾರುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಮಾರಿ ಕಟ್ಟದಿರುವುದು, ಮನೆಯ ಜೊತೆ ನೆಲವನ್ನೂ ಬಿಟ್ಟುಕೊಡುವುದು ತಪ್ಪು. ಬಾಡಿಗೆದಾರನನ್ನು ಮನೆಯೊಡೆಯನನ್ನಾಗಿಸಲು ಬೇರೆ ದಾರಿಯೂ ಇದೆ. ಅದೇ ರಿಯಾಯಿತಿಯ ಹಣವನ್ನು ಅವನ ಕೈಗೆ ಕೊಟ್ಟು, 'ಮಾರುಕಟ್ಟೆಯಲ್ಲಿ ನಿನಗೆ ಬೇಕಾದ ಮನೆ ಕೊಂಡುಕೋ, ಈ ಕೀಲಿಯನ್ನು ಮುಂದಿನವನಿಗೆ ಕೊಡು' ಎನ್ನಬಹುದು. ಆಗ ಅವನಿಗೂ ಮನೆಯಾಗುತ್ತದೆ, ಸರದಿಯೂ ಮುಂದೆ ಸಾಗುತ್ತದೆ. ಇಷ್ಟು ಸರಳವಾದ ದಾರಿ ಮುಖ್ಯ ನೀತಿಯಾಗಲಿಲ್ಲ ಎಂದರೆ, ಗುರಿ ಬಾಡಿಗೆದಾರನ ಉದ್ಧಾರವಷ್ಟೇ ಆಗಿರಲಿಲ್ಲ, ಸಾರ್ವಜನಿಕ ವಸತಿ ಎಂಬುದನ್ನೇ ಕುಗ್ಗಿಸುವುದೂ ಆಗಿತ್ತು ಎಂದು ನಾನು ಓದಿಕೊಳ್ಳುತ್ತೇನೆ.

ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ರದ್ದು ಮಾಡಿದವು. ಇಂಗ್ಲೆಂಡ್ 2024ರ ನವೆಂಬರಿನಲ್ಲಿ ರಿಯಾಯಿತಿಯನ್ನು ಬಹಳಷ್ಟು ಕಡಿತ ಮಾಡಿ, ಮಾರಾಟದ ಹಣವನ್ನು ಕೌನ್ಸಿಲ್‌ಗಳೇ ಇಟ್ಟುಕೊಳ್ಳಲು ಬಿಟ್ಟಿತು. ನಲವತ್ತು ವರ್ಷ ತಡವಾಗಿ ಬಂದ ಬುದ್ಧಿ, ಅದೂ ಅರ್ಧ.

ನಮಗೇಕೆ ಈ ಊರಿನ ಕಥೆ ಎಂದರೆ, ನಾವು ಕಣಜ ತುಂಬುವ ಮೊದಲೇ ಹಂಚಲು ಕಲಿತವರು. ನಮ್ಮ ವಸತಿ ಯೋಜನೆಗಳೆಂದರೆ ನಿವೇಶನ, ಹಕ್ಕುಪತ್ರ, 'ಲೀಸ್ ಕಮ್ ಸೇಲ್'. ಹಕ್ಕುಪತ್ರ ಬೇಡ ಎನ್ನುವ ದಾರ್ಷ್ಟ್ಯ ನನಗಿಲ್ಲ. ತಲೆಮಾರುಗಟ್ಟಲೆ ಒಕ್ಕಲೆಬ್ಬಿಸುವಿಕೆಯ ಭಯದಲ್ಲಿ ಬದುಕಿದವರಿಗೆ ಆ ಕಾಗದವೇ ಘನತೆ. ಆದರೆ ಕಲಬುರಗಿಯಿಂದಲೋ ರಾಯಚೂರಿನಿಂದಲೋ ನಿನ್ನೆ ಬೆಂಗಳೂರಿಗೆ ಬಂದು, ಕಟ್ಟಡ ಕೆಲಸದ ತಗಡಿನ ಶೆಡ್ಡಿನಲ್ಲಿ ಮಲಗುವ ಕುಟುಂಬಕ್ಕೆ ಹಕ್ಕುಪತ್ರದ ಸರದಿ ಬರುವುದು ಯಾವಾಗ? ಅವರಿಗೆ ಇಂದು ಬೇಕಿರುವುದು ಕೈಗೆಟುಕುವ ಬಾಡಿಗೆಯ ಗಟ್ಟಿ ಮನೆ, ತಾವು ಬಿಟ್ಟುಹೋದ ಮೇಲೆ ತಮ್ಮಂಥವರಿಗೇ ಸಿಗುವ ಮನೆ. ಅಂಥದ್ದನ್ನು ಕಟ್ಟುವ ಮಾತನ್ನು ಯಾವ ಪಕ್ಷದ ಪ್ರಣಾಳಿಕೆಯೂ ಗಟ್ಟಿಯಾಗಿ ಆಡುವುದಿಲ್ಲ. ಆ ಕುಟುಂಬದ ಮತ ಇನ್ನೂ ಊರಿನ ಪಟ್ಟಿಯಲ್ಲೇ ಇರುತ್ತದೆ. ಮುಂದಿನ ಸಲ ಯಾರಾದರೂ 'ಇರುವವರಿಗೇ ಬರೆದುಕೊಟ್ಟುಬಿಡಿ' ಎಂದಾಗ ಚಪ್ಪಾಳೆ ತಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದರ ಬದಲಿಗೆ ಕಟ್ಟುವ ಮನೆಯ ಪಾಯ ಎಲ್ಲಿ ತೋಡಿದ್ದೀರಿ, ತೋರಿಸಿ.