ಮೊಮ್ಮಗನ ಮಂದ್ರನಾದ

ಭಾಲ್ಕಿಯಲ್ಲಿರುವ ನನ್ನ ಮೊಮ್ಮಗನು ಬೇಸ್ ಗಿಟಾರ್ ಕಲಿಯುತ್ತಿರುವನು. “ಮುತ್ಯಾ, ಗೆಳೆಯನ ಗಿಟಾರ್ ಆಂಪ್ಲಿಫೈಯರಿಗೇ ಹಚ್ಚಿದರೆ ಸಾಲದೇನು?” ಎಂದು ಕೇಳಿದನು. ಸಾಲದು. ಗಿಟಾರಿನ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸಿನದು 41 ಸಲ ಮಾತ್ರ. ನಮ್ಮ ಗವಾಯಿಗಳ ಖರ್ಜಕ್ಕಿಂತಲೂ ಆಳವಾದ ನಾದವದು. ಅದಕ್ಕಾಗಿ ಸ್ಪೀಕರಿನ ಕಾಗದವು ಹಿಂದುಮುಂದಾಗಿ ಬಹಳ ಚಲಿಸಬೇಕಾಗುವುದು. ಗಿಟಾರಿಗೆಂದು ಮಾಡಿದ್ದಾದರೆ ಜೋರು ಮಾಡಿದೊಡನೆ ಗರಗರಗುಟ್ಟಿ ಕೆಟ್ಟೇ ಹೋಗಬಹುದು.

ಆದುದರಿಂದ ಆಂಪ್ಲಿಫೈಯರೂ ಸ್ಪೀಕರೂ ಕೂಡಿಯೇ ಇರುವ, ಬೇಸಿಗೆಂದೇ ಮಾಡಿದ ‘ಕಾಂಬೋ’ ಪೆಟ್ಟಿಗೆಯನ್ನು ಕೊಳ್ಳತಕ್ಕದ್ದು. ಮನೆಯ ಅಭ್ಯಾಸಕ್ಕೆ 8 ಅಥವಾ 10 ಅಂಗುಲದ ಸ್ಪೀಕರು, 25ರಿಂದ 40 ವಾಟು ಸಾಕು. ಡ್ರಮ್ಮಿನೊಡನೆ ನುಡಿಸಲು ಸಾಲದು. ಔರಾದಿನ ಬಸ್ಸಿಗೆ ಏರಿಸುವುದುಂಟಾದರೆ ಅಂಗಡಿಯಲ್ಲಿಯೇ ಒಂದು ಕೈಯಿಂದ ಎತ್ತಿ ನೋಡಿರಿ. ಹೆಡ್‌ಫೋನಿಗೆ ರಂಧ್ರವಿದ್ದರೆ ನೆರೆಯವರ ನಿದ್ರೆಯೂ ಉಳಿಯುವುದು.

ಪ್ಲಗ್ಗಿನ ಮೂರನೆಯ ಕಡ್ಡಿಯ ಮಾತೇ ಬೇರೆ. ಹಳೆಯ ಸಾಕೆಟ್ಟಿನಲ್ಲಿ ಜಾಗವಿಲ್ಲವೆಂದು ಅದನ್ನು ಕಿತ್ತುಬಿಡುವುದನ್ನು ಬೀದರದಲ್ಲಿ ನಾನೇ ಕಂಡಿದ್ದೇನೆ. ಗಿಟಾರಿನ ತಂತಿಗಳು ವಯರಿನ ಮೂಲಕ ಆಂಪ್ಲಿಫೈಯರಿನ ಲೋಹಕ್ಕೆ ಕೂಡಿರುತ್ತವೆ. ಒಳಗೆ ವಿದ್ಯುತ್ತು ಸೋರಿದರೆ ಅದು ಬರುವುದು ಹುಡುಗನ ಬೆರಳಿಗೇ. ಪೆಟ್ಟಿಗೆ ತರುವ ಮುನ್ನವೇ ಭಾಲ್ಕಿಯ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಹೊಸ ಸಾಕೆಟ್ಟು ಹಾಕಿಸಿ ಬಂದೆನು.