ಹಿಂದಿರುಗದ ಹಿಗ್ಗು

ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವಾಗ ಕೇಳಿಬರುವ ಕಟಕಟ ಸದ್ದು ನಮ್ಮ ವಾಚಕರಿಗೆ ಪರಿಚಿತವಾದುದೇ. ಒಳಗಿನ ಹಲ್ಲುಗಾಲಿಯು ಮುಂದಕ್ಕೆ ತಿರುಗಬಲ್ಲುದು. ಸಣ್ಣದೊಂದು ಕೊಕ್ಕೆಯು ಅದನ್ನು ಹಿಂದಕ್ಕೆ ಬರಗೊಡದು. ಈ ಏರ್ಪಾಟಿಗೆ ರ‍್ಯಾಚೆಟ್ ಎಂದು ಹೆಸರು. ಗಡಿಯಾರದಲ್ಲಿ ಇದು ಉಪಕಾರಿ. ಆದರೆ ಕಾರ್ಖಾನೆಯ ಹಬೆಯ ಹಂಡೆ, ಕೊಳವೆ ಮೊದಲಾದವುಗಳ ಲೋಹವೇ ಹೀಗೆ ವರ್ತಿಸತೊಡಗಿದರೆ ಅಪಾಯಕಾರಿ.

ಅದು ಹೇಗೆಂಬುದನ್ನು ನೋಡೋಣ. ಒಳಗೆ ಒತ್ತಡವುಳ್ಳ ಕೊಳವೆಯೊಂದರ ಒಳಮೈ ಕಾದು ಹೊರಮೈ ತಂಪಾಗಿರಲಿ. ಕಾದ ಒಳಪದರವು ಹಿಗ್ಗಲೆಳಸಿ ಹೊರಪದರವನ್ನು ಜಗ್ಗುವುದು. ಒತ್ತಡದ ಜಗ್ಗುವಿಕೆಯೂ ಇದರೊಡನೆ ಸೇರಲು, ಹೊರಪದರವು ತಾಳಲಾರದೆ ಮಣಿದು ಕಿಂಚಿತ್ ಹಿಗ್ಗುತ್ತದೆ. ಕೊಳವೆಯು ಆರಿದಾಗ ಸರದಿಯು ಒಳಪದರದ್ದು: ಹಿಗ್ಗಿದ ಹೊರಪದರವು ಅದನ್ನು ಜಗ್ಗಲು, ಅದೂ ಮಣಿಯುವುದು. ಹೀಗೆ ಕಾದು ಆರಿದಾಗಲೆಲ್ಲ ಕೊಳವೆಯು ತುಸುತುಸುವೇ ಹಿಗ್ಗುತ್ತ ಹೋಗುತ್ತದೆ, ಹಿಂದಿರುಗುವುದಿಲ್ಲ.

1967ರಲ್ಲಿ ಬ್ರೀ ಎಂಬ ವಿದ್ವಾಂಸರು ಪರಮಾಣು ಸ್ಥಾವರದ ಇಂಧನ ಕೊಳವೆಗಳನ್ನು ಕುರಿತು ಇದನ್ನು ಗಣಿತದಿಂದ ನಿರೂಪಿಸಿದರು. ಅವರ ಗಣನೆಯಂತೆ, ಒತ್ತಡದಿಂದಾಗುವ ಬಿಗುವು ಲೋಹವು ಮಣಿಯುವ ಮಿತಿಯ ಅರ್ಧದಷ್ಟಿದ್ದರೆ, ಉಷ್ಣದ ಬಿಗುವು ಆ ಮಿತಿಯ 2 ಪಟ್ಟಿನವರೆಗೆ ಇರಬಹುದು. ಒತ್ತಡದ ಪಾಲು ಹತ್ತರಲ್ಲಿ ಎಂಟಾದರೆ ಉಷ್ಣದ ಪಾಲೂ ಹತ್ತರಲ್ಲಿ ಎಂಟನ್ನು ಮೀರಲಾಗದು.

ಹಾಗಾದರೆ ಈ ಪರಿಶೀಲನೆಯನ್ನು ಎಂದು ಮಾಡತಕ್ಕದ್ದು? ಹಂಡೆಯು ಒತ್ತಡ, ಭಾರ ಇವುಗಳನ್ನಷ್ಟೇ ಹೊರುತ್ತಿದ್ದು, ಕಾಯುವುದು ಆರುವುದು ಮುಂತಾದವುಗಳಿಂದ ಮರಮರಳಿ ಬರುವ ಬಿಗುವು ಇಲ್ಲದಿದ್ದಲ್ಲಿ ಇದರ ಅಗತ್ಯವಿಲ್ಲ. ಅಂತಹ ಬಿಗುವು ಇದ್ದಲ್ಲಿ ಅಗತ್ಯವುಂಟು. ‘ನಮ್ಮ ಹಂಡೆ ಕಾಯುವುದು ಅಪರೂಪ, ಲೋಹದ ದಣಿವಿನ ಲೆಕ್ಕವೇ ಬೇಡವೆಂದಮೇಲೆ ಇದೇಕೆ?’ ಎಂದು ಕೆಲವರು ಬಗೆಯುವುದುಂಟು. ಇದು ಸರಿಯಲ್ಲ. ದಣಿವಿನ ಲೆಕ್ಕದಿಂದ ವಿನಾಯಿತಿ ದೊರೆತರೂ ಈ ಪರಿಶೀಲನೆ ತಪ್ಪದೆಂದು ಅಮೆರಿಕದ ಎ.ಎಸ್.ಎಂ.ಇ. ಸಂಸ್ಥೆಯ ನಿಯಮಾವಳಿಯ ಎಂಟನೆಯ ಖಂಡದ ಎರಡನೆಯ ಭಾಗವು ಸ್ಪಷ್ಟವಾಗಿ ವಿಧಿಸಿದೆ. ಲೋಹದ ಮಣಿಯುವಿಕೆಯನ್ನೂ ಗಣಿಸುವ ವಿಧಾನದಲ್ಲಿ, ಕಡಮೆಯೆಂದರೆ 3 ಆವರ್ತಗಳನ್ನಾದರೂ ಲೆಕ್ಕಹಾಕಿ ನೋಡಬೇಕೆಂದೂ ಅದು ಹೇಳುತ್ತದೆ. ದಣಿವಿನ ಬಿರುಕಿಗೆ ಅನೇಕ ಆವರ್ತಗಳು ಬೇಕು. ಈ ಹಿಗ್ಗಾದರೋ ಕೆಲವೇ ಆವರ್ತಗಳಲ್ಲಿ ಕೂಡಿಬರಬಲ್ಲುದು.

ತಣ್ಣೀರು ತುಂಬಿ ಒಮ್ಮೆ ಒತ್ತಡವನ್ನೇರಿಸಿ ನೋಡುವ ಪರೀಕ್ಷೆಯಿಂದಲೂ ಇದು ತಿಳಿಯದು. ಹಂಡೆಯು ಹೊರೆಯನ್ನು ತಾಳಿತೇ ಎಂದು ಕೇಳಿದರೆ ಸಾಲದು. ಹೊರೆಯಿಳಿದ ಮೇಲೆ ತನ್ನ ಆಕಾರಕ್ಕೆ ಮರಳಿತೇ ಎಂದೂ ಕೇಳಬೇಕು. ಅದರ ಬಳಿ ದುಡಿಯುವವರ ಪ್ರಾಣವು ಈ ಎರಡನೆಯ ಪ್ರಶ್ನೆಯನ್ನೂ ಅವಲಂಬಿಸಿರುವುದು.